ಸೈಡ್‌ವಿಂಗಿನ ಪತ್ತೇದಾರಮ್ಮ

ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಗಾಜಿನ ಹಿಂದೆ ಕೂರುವ ಹೆಂಗಸನ್ನು ಇಡೀ ಕಚೇರಿ ಪತ್ತೇದಾರಮ್ಮ ಎಂದೇ ಕರೆಯುತ್ತಿತ್ತು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಆಕೆ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಊಟದ ಡಬ್ಬಿಗೆ ಪತ್ತೇದಾರಿ ಕಾದಂಬರಿ ಒರಗಿಸಿಕೊಂಡು ಓದುತ್ತಾ ಉಣ್ಣುವವಳಿಗೆ ಜನ ಇನ್ನೇನು ಹೆಸರಿಟ್ಟಾರು?

ಹಾಗೆಂದು ಎಲ್ಲ ಪತ್ತೇದಾರರೂ ಆಕೆಗೆ ಹಿಡಿಸುತ್ತಿರಲಿಲ್ಲ. ಬಂಗಲೆಯಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಚಹಾ ಆರುವ ಮೊದಲೇ ಕೊಲೆಗಾರನತ್ತ ಬೆರಳು ತೋರಿಸುವ ಜಾಣರನ್ನು ಕಂಡರೆ ಆಕೆಗೆ ಆಗದು. ಆಕೆಯ ಪತ್ತೇದಾರನೇ ಬೇರೆ. ಅವನಿಗಿರುವುದು ಒಂದು ಧೂಳು ಹಿಡಿದ ಕೋಣೆ, ಒಂದು ಕುಂಟು ಕುರ್ಚಿ, ಬಾಯಿ ತೆರೆದರೆ ಸುಳ್ಳು ಹೇಳುವ ಕಕ್ಷಿಗಾರರು. ಬುದ್ಧಿಗಿಂತ ಹಟ ಜಾಸ್ತಿ. ಪೆಟ್ಟು ತಿನ್ನುತ್ತಾನೆ, ಕೊಂಕು ನುಡಿಯುತ್ತಾನೆ, ಅದಕ್ಕಾಗಿ ಇನ್ನೊಂದು ಪೆಟ್ಟು ತಿನ್ನುತ್ತಾನೆ. ಕೊನೆಗೆ ಸತ್ಯ ಕೈಗೆ ಸಿಕ್ಕಾಗ ಅದರಿಂದ ಅವನಿಗೆ ಕಿಲುಬು ಕಾಸಿನ ಲಾಭವಿಲ್ಲ. ಆದರೂ ಬಿಡುವುದಿಲ್ಲ. ಆ ಬಿಡದ ಗುಣಕ್ಕೆ ಆಕೆ ಹುಡುಗಿಯಾಗಿದ್ದಾಗಲೇ ಮನಸೋತಿದ್ದಳು. ಮೀಟರು ತಾನಾಗಿಯೇ ಬಿಚ್ಚಿಕೊಂಡಿತು ಎಂದು ಹೇಳುವ ಜನರನ್ನು ದಿನವಿಡೀ ಗಾಜಿನಾಚೆ ನೋಡತೊಡಗಿದ ಮೇಲೆ ಅವನು ಸ್ವಂತ ಅಣ್ಣನಷ್ಟು ಹತ್ತಿರವಾದ.

ಈ ಕಾದಂಬರಿಗಳಿಂದ ತೆಗೆದ ಸಿನಿಮಾಗಳನ್ನೂ ಆಕೆ ಬಿಡುತ್ತಿರಲಿಲ್ಲ. ಅವುಗಳಿಗೆ ಆಕೆಯ ಅಳತೆಗೋಲು ಒಂದೇ: ಒಂದು ದೃಶ್ಯದಲ್ಲಿ ಪಕ್ಕೆಗೆ ಒದೆ ತಿಂದವನು ಮುಂದಿನ ದೃಶ್ಯದಲ್ಲಿ ಮೆಟ್ಟಿಲು ಹತ್ತುವಾಗ ಪಕ್ಕೆ ಹಿಡಿದುಕೊಳ್ಳಬೇಕು. ಹಿಡಿದುಕೊಳ್ಳದಿದ್ದರೆ ಟಿ.ವಿ. ಆರಿಸಿ ಪಾತ್ರೆ ತೊಳೆಯಲು ಎದ್ದುಬಿಡುತ್ತಿದ್ದಳು.

"ಅರ್ಧಕ್ಕೇ ಆರಿಸಿದೆಯಲ್ಲೇ, ಯಾರು ಕೊಂದಿದ್ದು ಅಂತ ಗೊತ್ತಾಗೋದು ಬೇಡವಾ?" ಎಂದು ಅತ್ತೆ ಗದರುತ್ತಿದ್ದರು.

"ನೋವೇ ಆಗದವನು ಏನು ಕಂಡುಹಿಡಿದರೆ ಏನತ್ತೆ."

"ಸರಿ, ನೀನು ಪುಸ್ತಕ ಓದಿದ್ದೀಯಲ್ಲ, ನೀನೇ ಹೇಳು. ಒಂದು ಹೆಸರು ಹೇಳಿದರೆ ನಿನ್ನ ಗಂಟೇನು ಹೋಗುತ್ತೆ?"

ಸೊಸೆ ಹೇಳುತ್ತಿರಲಿಲ್ಲ. ಅತ್ತೆ ಆ ಕೊಲೆ ಪುಸ್ತಕಗಳನ್ನು ಬಾಯಿತುಂಬ ಬೈಯುತ್ತಿದ್ದರು. ಆದರೆ ಆಕೆ ಕೆಲಸಕ್ಕೆ ಹೋದಮೇಲೆ ಕಪಾಟಿನ ಪುಸ್ತಕಗಳು ಜಾಗ ಬದಲಾಯಿಸುತ್ತಿದ್ದವು. ಆಕೆ ಅದನ್ನು ಗಮನಿಸಿಯೂ ಸುಮ್ಮನಿದ್ದಳು.

ಇಲಾಖೆಯ ಕಚೇರಿಗಳಿಗೆಲ್ಲ ಸೇರಿ ವರ್ಷಕ್ಕೊಂದು ನಾಟಕ ಸ್ಪರ್ಧೆ ನಡೆಯುತ್ತಿತ್ತು. ಇವರ ಕಚೇರಿ ಪ್ರತಿ ಸಲ ಗಂಡಸರಿಗೆ ಸೀರೆ ಉಡಿಸಿ ಒಂದು ಹಾಸ್ಯ ನಾಟಕ ಆಡಿ, ಸೋತು, ತೀರ್ಪುಗಾರರನ್ನು ಬೈದುಕೊಂಡು ವಾಪಸಾಗುತ್ತಿತ್ತು. ಆ ವರ್ಷ ಪತ್ತೇದಾರಮ್ಮ ತನಗೆ ಅತಿ ಪ್ರಿಯವಾದ ಕಾದಂಬರಿಯನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟು, ಇದನ್ನು ನಾಟಕ ಮಾಡಿ ಸಾರ್ ಎಂದಳು. ನಾಟಕ ಆಡಿಸುತ್ತಿದ್ದವರು ಅವರೇ.

ಕಥೆ ಸರಳ. ಹಿರಿಯ ವಕೀಲನೊಬ್ಬ, ಕಾಣೆಯಾದ ತನ್ನ ಗುಮಾಸ್ತನನ್ನು ಹುಡುಕಿಕೊಡು ಎಂದು ಒಬ್ಬ ಬಡ ಪತ್ತೇದಾರನನ್ನು ಕರೆಸುತ್ತಾನೆ. ಹಿಂದೊಮ್ಮೆ ಆ ಪತ್ತೇದಾರನನ್ನು ಜೈಲಿನಿಂದ ಬಿಡಿಸಿ ಅನ್ನ ಹಾಕಿದವನು ಅದೇ ವಕೀಲ. ಗುಮಾಸ್ತನನ್ನು ಕೊಂದವನೂ ಅವನೇ.

ಸೂಪರಿಂಟೆಂಡೆಂಟರಿಗೆ ಪುಸ್ತಕ ಹಿಡಿಸಿತು. ವಕೀಲನ ಪಾತ್ರ ಇನ್ನೂ ಹಿಡಿಸಿತು. ಅದನ್ನು ತಮಗೇ ಇಟ್ಟುಕೊಂಡು ನಾಟಕ ಬರೆದು ತಂದರು. ಕೊನೆಯ ಪುಟ ನೋಡಿದ ಪತ್ತೇದಾರಮ್ಮ ಪುಟ ತಪ್ಪಿರಬೇಕೆಂದುಕೊಂಡಳು.

"ಸಾರ್, ಇದರಲ್ಲಿ ಡ್ರೈವರ್ ಕೊಂದ ಅಂತಿದೆ."

"ಹೌದು."

"ಡ್ರೈವರ್ ಅನ್ನೋ ಪಾತ್ರವೇ ನಾಟಕದಲ್ಲಿ ಇಲ್ಲವಲ್ಲ ಸಾರ್."

"ಅದಕ್ಕೇ ಯಾರಿಗೂ ಅನುಮಾನ ಬರಲ್ಲ."

"ವಕೀಲರೇ ಕೊಲ್ಲಬೇಕು ಸಾರ್. ಅನ್ನ ಹಾಕಿದವರನ್ನೇ ಹಿಡಿದುಕೊಡಬೇಕು, ಅದೇ ಅವನ ಸಂಕಟ. ಅದಿಲ್ಲದಿದ್ದರೆ ಕಥೆಯೇ ಇಲ್ಲ."

"ನೋಡಮ್ಮ, ಮುಂದಿನ ಸಾಲಲ್ಲಿ ಚೀಫ್ ಇಂಜಿನಿಯರ್ ಕೂತಿರ್ತಾರೆ. ನಮ್ಮ ಮನೆಯವರಿರ್ತಾರೆ, ಬೀಗರಿರ್ತಾರೆ. ಅಷ್ಟು ಜನರ ಎದುರಿಗೆ ನಾನು ಕೊಲೆಗಾರ ಅನ್ನಿಸಿಕೊಳ್ಳೋದಾ?" ಎಂದು ಸೂಪರಿಂಟೆಂಡೆಂಟರು ಕನ್ನಡಕ ತೆಗೆದಿಟ್ಟರು. ಮಾತು ಮುಗಿಯಿತು ಎಂಬುದಕ್ಕೆ ಅದು ಗುರುತು. "ನೀವು ಪ್ರಾಂಪ್ಟ್ ಮಾಡಿ, ಮರೆತವರಿಗೆ ಮಾತು ಎತ್ತಿಕೊಡಿ. ಗಾಜಿನ ತೂತಿನಿಂದ ಮಾತಾಡಿ ಮಾತಾಡಿ ನಿಮ್ಮ ಪಿಸುಮಾತೂ ಸ್ಪಷ್ಟವಾಗಿ ಕೇಳುತ್ತೆ."

ಹೀಗೆ ಆಕೆ ರಂಗದ ಬದಿಯ ಮರೆಗೆ, ಸೈಡ್‌ವಿಂಗಿಗೆ ಬಂದಳು.

ಪತ್ತೇದಾರನ ಪಾತ್ರ ಲೈನ್‌ಮನ್‌ಗೆ ಸಿಕ್ಕಿತ್ತು. ಎತ್ತರದ ಆಳು, ತುಂಬು ಕಂಠ, ಆದರೆ ಮಾತು ಮಾತ್ರ ಒಂದೂ ತಲೆಯಲ್ಲಿ ನಿಲ್ಲದು. ಮರೆತಾಗಲೆಲ್ಲ ಟೋಪಿಯನ್ನು ಹಿಂದಕ್ಕೆ ತಳ್ಳುವುದು, ಆಗ ಆಕೆ ಮಾತು ಕೊಡುವುದು ಎಂದಾಯಿತು. ಆಕೆಯ ಬಾಯಿಂದ ಬಂದದ್ದೆಲ್ಲ ಅವನಿಗೆ ವೇದವಾಕ್ಯ. ಒಂದು ದಿನ ತಾಲೀಮಿನಲ್ಲಿ ಹಾಳೆಗಳು ಹಾರುತ್ತಿದ್ದವೆಂದು ಆಕೆ ಜವಾನನಿಗೆ "ಫ್ಯಾನ್ ಸ್ವಲ್ಪ ಕಮ್ಮಿ ಮಾಡಪ್ಪ" ಎಂದಳು. ಲೈನ್‌ಮನ್ ಟೋಪಿ ಸರಿಮಾಡಿಕೊಂಡು ವಕೀಲನ ಕಣ್ಣಲ್ಲಿ ಕಣ್ಣಿಟ್ಟು, "ಫ್ಯಾನ್ ಸ್ವಲ್ಪ ಕಮ್ಮಿ ಮಾಡಪ್ಪ" ಎಂದ.

ಅವನಿಗೆ ಆಕೆ ಒಂದನ್ನು ಮಾತ್ರ ಒತ್ತಿ ಕಲಿಸಿದಳು.

"ನೀನು ಕಂಬದಿಂದ ಬಿದ್ದಿದ್ದೆಯಲ್ಲ, ಆಗ ಪಕ್ಕೆ ಹೇಗಿತ್ತು?"

"ನಗೋಕೂ ಆಗ್ತಿರಲಿಲ್ಲ ಅಕ್ಕ. ಸೀನು ಬಂದರೆ ಪ್ರಾಣ ಹೋದಹಾಗಾಗ್ತಿತ್ತು."

"ಒದೆ ತಿಂದ ಮೇಲೆ ಹಾಗೇ ಇರು. ಪರದೆ ಬೀಳೋ ತನಕ."

ಸ್ಪರ್ಧೆಯ ಸಂಜೆ ಸಭಾಂಗಣ ತುಂಬಿತ್ತು. ಅತ್ತೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕನೆಯ ಸಾಲಿನಲ್ಲಿದ್ದರು. ನಾಟಕ ಹೇಗೋ ಏನೋ ಎಂದು ಶುರುವಾಗಿ, ಒದೆಯ ದೃಶ್ಯದ ನಂತರ ನೆಲಕ್ಕೆ ಕಾಲೂರಿತು. ಲೈನ್‌ಮನ್ ಕುರ್ಚಿಯಿಂದೇಳಲು ಎರಡು ಸಲ ಪ್ರಯತ್ನಪಟ್ಟ. ಬಿದ್ದಿದ್ದ ಟೋಪಿ ಎತ್ತಿಕೊಳ್ಳಲು ಬಗ್ಗಲಾರದೆ ಕಾಲಿನಿಂದ ಗೋಡೆಯವರೆಗೆ ಸರಿಸಿ, ಗೋಡೆಗೆ ಒರಗಿ, ಕುಸಿದು ಎತ್ತಿಕೊಂಡ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು.

ಕೊನೆಯ ದೃಶ್ಯ. ಮೇಜಿನಾಚೆ ವಕೀಲ, ನಡುವೆ ಫೋನು. ಪತ್ತೇದಾರ ಪಕ್ಕೆ ಹಿಡಿದುಕೊಂಡು ನಿಂತ. "ನಿಮ್ಮ ಗುಮಾಸ್ತ ಸಿಕ್ಕಿದ. ಹಳೇ ಬಾವಿಯಲ್ಲಿ," ಎಂದ. ಅಲ್ಲಿಗೆ ಮಾತು ಮರೆತು ಟೋಪಿಯನ್ನು ಹಿಂದಕ್ಕೆ ತಳ್ಳಿದ.

ಆಕೆಯ ಕೈಯಲ್ಲಿದ್ದ ಹಾಳೆಯಲ್ಲಿ, "ಆ ಪಾಪಿ ನಿಮ್ಮ ಡ್ರೈವರ್" ಎಂದಿತ್ತು. ಅದನ್ನು ಕೇಳಿ ಪತ್ತೇದಾರನನ್ನು ತಬ್ಬಿಕೊಳ್ಳಲು ಸೂಪರಿಂಟೆಂಡೆಂಟರು ಆಗಲೇ ತೋಳು ಸಡಿಲಿಸುತ್ತಿದ್ದರು. ಪತ್ತೇದಾರಮ್ಮ ಹಾಳೆಯನ್ನು ನೋಡಿದಳು, ಪಕ್ಕೆ ಹಿಡಿದು ನಿಂತವನನ್ನು ನೋಡಿದಳು. ವರ್ಗಾವಣೆಯಾಗಬಹುದು, ಇಡೀ ಕಚೇರಿ ಆಡಿಕೊಳ್ಳಬಹುದು. ಆದರೆ ಇಷ್ಟು ನೋವು ತಿಂದವನ ಬಾಯಿಗೆ ಈ ಮಾತು ಕೊಟ್ಟರೆ, ಮನೆಯಲ್ಲಿ ಇನ್ನು ಯಾವ ಮುಖ ಇಟ್ಟುಕೊಂಡು ಟಿ.ವಿ. ಆರಿಸುವುದು? ಹಾಳೆಯನ್ನು ಮಗುಚಿಟ್ಟಳು. ಪುಸ್ತಕದ ಮಾತು ಆಕೆಗೆ ಬಾಯಿಪಾಠವಿತ್ತು.

"ಪೊಲೀಸರಿಗೆ ಫೋನ್ ನೀವು ಮಾಡ್ತೀರೋ, ನಾನು ಮಾಡಲೋ?" ಎಂದು ಪಿಸುಗುಟ್ಟಿದಳು.

ಲೈನ್‌ಮನ್ ಒಂದಕ್ಷರ ಬಿಡದೆ ಹಾಗೆಯೇ ಅಂದ.

ಸೂಪರಿಂಟೆಂಡೆಂಟರ ಮುಖ ಬಿಳಿಚಿಕೊಂಡಿತು. ತೋಳುಗಳು ಜೋತುಬಿದ್ದವು. ಕಣ್ಣು ಲೈನ್‌ಮನ್‌ನಿಂದ ಸೈಡ್‌ವಿಂಗಿಗೆ, ಅಲ್ಲಿಂದ ಬಾಗಿಲಿಗೆ ಹಾರಿತು. ಸಭಿಕರಿಗೆ ಕಂಡದ್ದು ತಪ್ಪಿಸಿಕೊಳ್ಳಲು ದಾರಿ ಹುಡುಕುವ ಕೊಲೆಗಾರ.

"ನಿನಗೆ ಅನ್ನ ಹಾಕಿದವನು ಕಣೋ ನಾನು," ಎಂದು ಆಕೆ ಅವರಿಗೂ ಮಾತು ಕೊಟ್ಟಳು. ಬೇರೆ ಗತಿಯಿಲ್ಲದೆ ಅವರು ಅದನ್ನು ಹೇಳಿದರು. ಸ್ವರದಲ್ಲಿದ್ದ ಸಿಟ್ಟು ಅಪ್ಪಟವಾಗಿತ್ತು.

"ಅದಕ್ಕೇ ಮೊದಲು ನಿಮ್ಮನ್ನ ಕೇಳಿದ್ದು."

ಲೈನ್‌ಮನ್ ಆಕೆ ಕೊಟ್ಟ ಈ ಮಾತನ್ನು ಎಷ್ಟು ಮೆಲ್ಲಗೆ ಹೇಳಿದನೆಂದರೆ ಹಿಂದಿನ ಸಾಲಿನವರು ಮುಂದಕ್ಕೆ ಬಾಗಿದರು. ಸೂಪರಿಂಟೆಂಡೆಂಟರು ಈ ಸಲ ಆಕೆಯ ಕಡೆ ತಾವಾಗಿಯೇ ಕಿವಿ ಕೊಟ್ಟರು.

"ನೀನೇ ಮಾಡಪ್ಪ," ಎಂದರು, ಆಕೆ ಅಂದಂತೆಯೇ. "ನನ್ನ ಕೈ ನಡುಗ್ತಾ ಇದೆ." ಫೋನನ್ನು ಅವನ ಕಡೆಗೆ ಸರಿಸಿದರು.

ಪತ್ತೇದಾರ ಫೋನೆತ್ತಿದ. ಆಕೆ ಹಗ್ಗ ಹಿಡಿದಿದ್ದ ಜವಾನನಿಗೆ ತಲೆಯಾಡಿಸಿದಳು. ಪರದೆ ಬಿತ್ತು.

ಸಭಾಂಗಣ ಉಸಿರೆತ್ತಲಿಲ್ಲ. ಆ ಮೌನದಲ್ಲಿ ನಾಲ್ಕನೆಯ ಸಾಲಿನಿಂದ ಅತ್ತೆಯ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಸದ್ಯ, ಪುಸ್ತಕದಲ್ಲಿ ಇದ್ದಹಾಗೇ ಮಾಡಿದರು."

ಆಮೇಲೆ ಸೂರು ಹಾರುವಂತೆ ಚಪ್ಪಾಳೆ ಬಿತ್ತು.

ಬೆವರಿನಲ್ಲಿ ಬಣ್ಣ ಇಳಿಯುತ್ತಿದ್ದ ಮುಖ ಹೊತ್ತು ಸೂಪರಿಂಟೆಂಡೆಂಟರು ಸೈಡ್‌ವಿಂಗಿಗೆ ನುಗ್ಗಿದರು. ಬಾಯಿ ತೆರೆಯುವಷ್ಟರಲ್ಲಿ ಚೀಫ್ ಇಂಜಿನಿಯರ್ ಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ಕೊನೇಲಿ ಆ ಕಣ್ಣು ಹಾಗೆ ಓಡಿತಲ್ಲ ರೀ, ಎಲ್ಲಿ ಕಲಿತಿರಿ ಅದನ್ನ? ನನಗೇ ಮೈ ಜುಮ್ಮೆಂದಿತು."

ಸೂಪರಿಂಟೆಂಡೆಂಟರು ಪತ್ತೇದಾರಮ್ಮನನ್ನು ನೋಡಿದರು. ಆಕೆ ಹಾಳೆಗಳನ್ನು ಜೋಡಿಸುತ್ತಿದ್ದಳು.

"ಆ ಮುಕ್ತಾಯದ ಬಗ್ಗೆ ನಾವು ಬಹಳ ಚರ್ಚೆ ಮಾಡಿದ್ವಿ ಸಾರ್," ಎಂದರು.

ಮೊದಲ ಬಹುಮಾನ ಇವರ ನಾಟಕಕ್ಕೆ ಬಂತು. ಶ್ರೇಷ್ಠ ನಟ ಸೂಪರಿಂಟೆಂಡೆಂಟರು. ಅತ್ತೆ ಮನೆಗೆ ಹೋದವರೇ ದಿಂಬಿನ ಕೆಳಗಿಂದ ಪುಸ್ತಕ ತೆಗೆದು, ಸೊಸೆಯ ಎದುರಿಗೇ ಕಪಾಟಿನಲ್ಲಿಟ್ಟು, "ಮುಂದಿನದು ಕೊಡು" ಎಂದರು.

ಸೋಮವಾರ ಬೆಳಗ್ಗೆ ದೂರು ವಿಭಾಗದ ಗಾಜಿನ ತೂತಿಗೆ ಸೂಪರಿಂಟೆಂಡೆಂಟರ ಮುಖ ಬಾಗಿತು.

"ಒಂದು ದೂರು ಕೊಡಬೇಕಿತ್ತು."

"ಯಾರ ಮೇಲೆ ಸಾರ್?"

"ಪ್ರಾಂಪ್ಟರ್ ಮೇಲೆ."

"ಅದು ಈ ವಿಭಾಗಕ್ಕೆ ಬರಲ್ಲ ಸಾರ್."

ಅವರು ತೂತಿಗೆ ಇನ್ನಷ್ಟು ಹತ್ತಿರ ಬಾಗಿದರು. ಆಮೇಲೆ ದನಿ ತಗ್ಗಿಸಿ, "ಮುಂದಿನ ವರ್ಷಕ್ಕೆ ಯಾವುದು?" ಎಂದರು.

ಪತ್ತೇದಾರಮ್ಮ ಊಟದ ಡಬ್ಬಿಯ ಪಕ್ಕದಿಂದ ಒಂದು ಪುಸ್ತಕ ತೆಗೆದು ಗಾಜಿನಡಿಯಿಂದ ತಳ್ಳಿದಳು. "ಇದರಲ್ಲೂ ನೀವೇ ಕೊಲೆಗಾರರು ಸಾರ್."

ಸೂಪರಿಂಟೆಂಡೆಂಟರು ಅತ್ತಿತ್ತ ನೋಡಿ ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡರು.

"ಒಬ್ಬರನ್ನೇ ಕೊಲ್ಲೋದಾ?" ಎಂದು ಕೇಳಿದರು.