ನೀಲಣ್ಣ ಕೋಳಿ ತಿನ್ನುತ್ತಿರಲಿಲ್ಲ

ಅರಸೀಕೆರೆಯ ಕೊಬ್ಬರಿ ಮಂಡಿಗಳ ವಾಸನೆ ಬಸ್ ಸ್ಟ್ಯಾಂಡಿನವರೆಗೂ ತೇಲಿ ಬರುತ್ತಿದ್ದ, ಯಾವ ರೈಲು ಬಂತೆಂದು ಅದರ ಕೂಗಿನಿಂದಲೇ ನಾವು ಹೇಳುತ್ತಿದ್ದ ದಿನಗಳವು. ಬೇಸಿಗೆ ರಜೆ ಬಂತೆಂದರೆ ನಮಗೆ ಹೋಗಲು ಇದ್ದದ್ದು ಒಂದೇ ಜಾಗ, ಬಾಬಣ್ಣನ ವಿಡಿಯೋ ಗೇಮ್ ಅಂಗಡಿ. ಹಳೆಯ ಕೊಬ್ಬರಿ ಗೋಡೌನೊಂದಕ್ಕೆ ತಗಡು ಅಡ್ಡ ಹೊಡೆದು, ಮುಂದಿನ ಅರ್ಧದಲ್ಲಿ ಬಾಬಣ್ಣ ಮೂರು ಮಿಷನ್ ಇಟ್ಟಿದ್ದ. ಹಿಂದಿನ ಅರ್ಧದಲ್ಲಿ ಇನ್ನೂ ಕೊಬ್ಬರಿ ಮೂಟೆ. ಒಳಗೆ ಕಾಲಿಟ್ಟರೆ ಮುಗ್ಗಿದ ಎಣ್ಣೆಯ ಸಿಹಿ ವಾಸನೆ, ಬೀಡಿ, ಬೆವರು, ಕಾದ ವೈರು ಎಲ್ಲ ಒಟ್ಟಿಗೇ ಮೂಗಿಗೆ ಹೊಡೆಯುತ್ತಿತ್ತು. ನಿಮ್ಮೂರಲ್ಲೂ ಇಂಥದೊಂದು ಕತ್ತಲೆ ಅಂಗಡಿ ಇದ್ದಿರಬೇಕು. ನಿಮ್ಮಪ್ಪನೂ ಕೋಲು ಹಿಡಿದು ಅಲ್ಲಿಗೆ ಬಂದಿರಬೇಕು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಇವತ್ತು ಬಾಣಾವರದಲ್ಲಿ ನನ್ನದೇ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುತ್ತಿನ ತೋಟಗಳಲ್ಲಿ ಪಂಪು ಸುಟ್ಟರೆ ಮೊದಲು ನನಗೇ ಫೋನು ಬರುತ್ತದೆ. ನಾನು ಕಟ್ಟಿದ ಮೋಟಾರು ವಾಪಸ್ ಬಂದದ್ದು ಕಡಿಮೆ. ಬರೆಯುವುದು ನನ್ನ ಕಸುಬಲ್ಲ. ಆದರೆ ಮಗಳು ಒಂದು ಹೊಸ ಗೇಮ್ ತೋರಿಸಿದಾಗಿನಿಂದ ಒಬ್ಬ ಹುಡುಗ ನನ್ನ ಎಡಗಡೆ ಬಂದು ನಿಂತಿದ್ದಾನೆ. ಹೋಗು ಅಂದರೂ ಹೋಗುತ್ತಿಲ್ಲ.

ಅವನು ರುದ್ರೇಶ. ಕೊಬ್ಬರಿ ಮಂಡಿಯವರ ಮೊಮ್ಮಗ, ಶಾಲೆಯಲ್ಲಿ ನನ್ನ ಬೆಂಚಿನವನು. ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಬೆಳ್ಳಿ ಕರಡಿಗೆಯೊಳಗೆ ಲಿಂಗ. ಮಿಷನ್ ಮೇಲೆ ಬಗ್ಗಿದಾಗ ಕರಡಿಗೆ ತಗಡಿಗೆ ತಾಗಿ ಟಕ್ ಅನ್ನುತ್ತಿತ್ತು. ಕೂಡಲೇ ಅದನ್ನು ಅಂಗಿಯೊಳಗೆ ಸೇರಿಸಿಕೊಳ್ಳುತ್ತಿದ್ದ. ನಮ್ಮದು ಒಕ್ಕಲು ಮನೆ, ರಾಗಿ ಹೊಲ, ಭಾನುವಾರವಾದರೆ ಕೋಳಿ ಸಾರು, ಮುದ್ದೆ. ಆ ದಿನ ಮನೆ ಹತ್ತಿರ ಬಂದರೆ ರುದ್ರೇಶ ಜಗುಲಿಯ ಮೇಲೇ ಕೂತು, ಅವ್ವ ಕೊಟ್ಟ ಬಾಳೆಹಣ್ಣು ಸುಲಿದು ತಿಂದು ಎದ್ದು ಹೋಗುತ್ತಿದ್ದ. ಅದರಲ್ಲಿ ಅವನಿಗೂ ಬೇಜಾರಿರಲಿಲ್ಲ, ನಮಗೂ ಇರಲಿಲ್ಲ.

ನಾವು ಆಡುತ್ತಿದ್ದ ಆಟದ ಹೆಸರು ಮಿಷನ್ನಿನ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಕೆಂಪು ಬನಿಯನ್ನಿನವನು ಕೆಂಪಣ್ಣ, ನೀಲಿ ಬನಿಯನ್ನಿನವನು ನೀಲಣ್ಣ, ಅಷ್ಟೇ. ಅಣ್ಣತಮ್ಮಂದಿರಿಬ್ಬರೂ ಬೀದಿಯ ಎಡದಿಂದ ಬಲಕ್ಕೆ ನಡೆಯುತ್ತ, ಎದುರಾದ ರೌಡಿಗಳನ್ನೆಲ್ಲ ಗುದ್ದಿ ಒದ್ದು ಮುಂದೆ ಹೋಗಬೇಕು. ಆರು ಹಂತ. ಕೊನೆಯಲ್ಲಿ ಸರಪಳಿ ಬೀಸುವ ಬೋಳುತಲೆಯ ದೈತ್ಯ. ಒಂದು ನಾಣ್ಯಕ್ಕೆ ಒಂದೇ ಜೀವ. ಅದು ಪರದೆಯ ಮೇಲ್ಗಡೆ ಹಳದಿ ಪಟ್ಟಿಯಾಗಿ ಕಾಣುತ್ತಿತ್ತು, ಏಟು ಬಿದ್ದಷ್ಟೂ ಸಣ್ಣಗಾಗುತ್ತಿತ್ತು. ಹಂತ ದಾಟಿದರೂ ತುಂಬುತ್ತಿರಲಿಲ್ಲ. ತುಂಬಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಬೀದಿಯಲ್ಲಿಟ್ಟ ಡ್ರಮ್ ಒಡೆದರೆ ತಟ್ಟೆಯ ಮೇಲೆ ಹುರಿದ ಇಡೀ ಕೋಳಿ ಹೊರಬರುತ್ತಿತ್ತು. ಅದರ ಮೇಲೆ ನಿಂತು ಗುಂಡಿ ಒತ್ತಿದರೆ ತಿಂದ ಹಾಗೆ.

ರುದ್ರೇಶ ನೀಲಣ್ಣ. ಅವನು ಒತ್ತುತ್ತಿರಲಿಲ್ಲ.

"ನಾಗ, ನೀನ್ ತಗೋ."

"ನಿಂದು ಅರ್ಧ ಹೋಗೈತೆ ಕಣ್ಲಾ. ತಿನ್ನು."

"ನಾವ್ ತಿನ್ನಲ್ಲ."

"ಅದು ಚಿತ್ರ ಕಣೋ! ನಿನ್ ಬಾಯಿಗ್ ಬತ್ತದಾ?"

"ಚಿತ್ರ ಆದ್ರೆ ಕೆಂಪಣ್ಣಂಗೆ ಏಟ್ ಬಿದ್ದಾಗ ನೀನ್ಯಾಕ್ ಅಯ್ಯೋ ಅಂತೀಯ?"

ಕೊನೆಗೆ ಆ ಕೋಳಿಯನ್ನೂ ಕೆಂಪಣ್ಣನೇ ತಿನ್ನುತ್ತಿದ್ದ. ಹಿಂದೆ ಪಾಳಿಗೆ ನಿಂತಿದ್ದವರು ಬಿಡುತ್ತಿರಲಿಲ್ಲ. "ಅಯ್ನೋರ್ ಬಂದ್ರು, ಕೋಳಿ ಸೈಡಿಗಿಡ್ರೋ!" ಅಂತ ಒಬ್ಬ. "ನೀಲಣ್ಣಂಗೆ ಒಂದ್ ತಟ್ಟೆ ಉಪ್ಪಿಟ್ಟು ಕೊಡ್ರಪ್ಪಾ" ಅಂತ ಇನ್ನೊಬ್ಬ. ಬಾಬಣ್ಣ ಸ್ಟೂಲಿನ ಮೇಲಿಂದ, "ಏಯ್, ಸುಮ್ನಿರ್ರೋ. ಅವ್ನ್ ಹೊಟ್ಟೆ, ಅವ್ನಿಷ್ಟ" ಅನ್ನುತ್ತಿದ್ದ. ರುದ್ರೇಶನೂ ನಗುತ್ತಿದ್ದ. ಆದರೆ ಒತ್ತುತ್ತಿರಲಿಲ್ಲ.

ಏಳನೇ ಕ್ಲಾಸು ಮುಗಿದ ರಜೆಯಲ್ಲಿ ಬಾಬಣ್ಣ ಸುದ್ದಿ ಹೇಳಿದ. ಮೇ ಕೊನೆಗೆ ಈ ಮಿಷನ್ನು ಬೇಲೂರಿಗೆ ಹೋಗುತ್ತದೆ, ಅಲ್ಲಿ ದೇವಸ್ಥಾನ ನೋಡಲು ಬರುವ ಜನ ಜಾಸ್ತಿ, ಹೊಸದು ಬಂದಾಗ ಬರುತ್ತದೆ ಅಂತ. ನಮ್ಮೂರಲ್ಲಿ ಅಲ್ಲಿಯವರೆಗೆ ಯಾರೂ ಆ ದೈತ್ಯನನ್ನು ಕೆಡವಿರಲಿಲ್ಲ. ಮಿಷನ್ ಹೋಗುವ ಮೊದಲು ನಾವಿಬ್ಬರೂ ಕೆಡವಬೇಕು ಅಂತ ನಾನು ಹಟ ಹಿಡಿದೆ. ನನಗೆ ಅದು ಆಟವಾಗಿ ಉಳಿದಿರಲಿಲ್ಲ. ಲೆಕ್ಕದಲ್ಲೂ ಇಂಗ್ಲಿಷಿನಲ್ಲೂ ಫೇಲಾಗುತ್ತಿದ್ದ ನನಗೆ, ಊರಿಗೇ ಮೊದಲು ಅನ್ನಿಸಿಕೊಳ್ಳಲು ಬೇರೆ ಯಾವುದೂ ಇರಲಿಲ್ಲ.

ಒಂದು ಮಧ್ಯಾಹ್ನ ಆರನೇ ಹಂತಕ್ಕೆ ಬಂದೆವು. ದೈತ್ಯನನ್ನು ಒಬ್ಬ ಮುಂದಿನಿಂದ, ಒಬ್ಬ ಹಿಂದಿನಿಂದ ಹಿಡಿದರೆ ಮಾತ್ರ ಆಗುತ್ತದೆ ಅಂತ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಕೆಂಪಣ್ಣನ ಪಟ್ಟಿ ಮುಕ್ಕಾಲು ಇತ್ತು. ನೀಲಣ್ಣನದು ದಾರದ ಎಳೆಯಷ್ಟು. ನಾನು ಮೂಲೆಯ ಡ್ರಮ್ ಒಡೆದೆ. ಕೋಳಿ ಬಂದು ಬಿದ್ದದ್ದು ನೀಲಣ್ಣನ ಕಾಲ ಬುಡಕ್ಕೇ.

"ತಿನ್ನೋ!"

"ಬೇಡ. ನೀನ್ ಮುಂದಿಂದ ಹಿಡಿ, ನಾನ್ ನೋಡ್ಕೊತೀನಿ."

"ಒಂದೇ ಏಟಿಗ್ ಸಾಯ್ತೀಯ ಕಣೋ! ತಿನ್ನು!"

"ಹಿಡಿಯೋ ನಾಗ, ಬತ್ತಾವ್ನೆ."

ನಾನು ಹಿಡಿಯಲಿಲ್ಲ. ಎಡಗೈ ಚಾಚಿ, ಅವನ ಕೈ ತಳ್ಳಿ, ಅವನ ಗುಂಡಿಯನ್ನು ನಾನೇ ಒತ್ತಿದೆ. ನೀಲಣ್ಣ ಬಗ್ಗಿದ. ತಿಂದ. ಪಟ್ಟಿ ಸರ್ರನೆ ತುಂಬಿತು. ಹಿಂದಿದ್ದವರು ಶಿಳ್ಳೆ ಹೊಡೆದರು.

ರುದ್ರೇಶ ಎರಡೂ ಕೈ ಮಿಷನ್ನಿನಿಂದ ಎತ್ತಿಬಿಟ್ಟ, ಬಿಸಿ ಹೆಂಚು ಮುಟ್ಟಿದವನ ಹಾಗೆ.

"ಹಿಡ್ಕೊಳ್ಳೋ! ಗೆಲ್ತೀವಿ ಕಣೋ, ಹಿಡ್ಕೊ!"

ಅವನು ಹಿಡಿಯಲಿಲ್ಲ. ದೈತ್ಯ ಸರಪಳಿ ಬೀಸಿದ. ನೀಲಣ್ಣ ಬಿದ್ದ, ಎದ್ದ, ಕೈ ಇಳಿಬಿಟ್ಟುಕೊಂಡು ನಿಂತ. ಮತ್ತೆ ಬಿದ್ದ, ಮತ್ತೆ ಎದ್ದು ಹಾಗೇ ನಿಂತ. ತುಂಬಿದ ಪಟ್ಟಿಯೊಂದು ಖಾಲಿಯಾಗಲು ಎಷ್ಟು ಹೊತ್ತು ಬೇಕೆಂದು ನಾನು ನೋಡಿದ್ದು ಆವತ್ತೇ. ದಾರದಷ್ಟೇ ಇದ್ದಿದ್ದರೆ ಒಂದೇ ಏಟಿಗೆ ಮುಗಿಯುತ್ತಿತ್ತು. ನಾನು ತುಂಬಿಸಿದ್ದರಿಂದ ಅಷ್ಟೂ ಏಟು ಅವನಿಗೆ ಬಿದ್ದವು. ರುದ್ರೇಶ ಕೊನೆಯವರೆಗೂ ಪರದೆಯನ್ನೇ ನೋಡುತ್ತಿದ್ದು, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟ. ಸ್ವಲ್ಪ ಹೊತ್ತಿಗೆ ನಾನೂ ಸೋತೆ.

ಮಾರನೆಯ ದಿನ ಅವರ ಮನೆಗೆ ಹೋದರೆ ಅಜ್ಜಿ ಬಾಗಿಲಲ್ಲೇ ಕೂತಿದ್ದರು.

"ಬಾರಪ್ಪ ನಾಗ. ನಿನ್ ಗೆಣೆಕಾರ ನಿನ್ನೆಯಿಂದ ಊಟ ಬಿಟ್ಟವ್ನೆ. ಕೋಳಿ ತಿಂದ್ನಂತೆ!" ಅಂತ ಸೆರಗು ಬಾಯಿಗಿಟ್ಟು ನಕ್ಕರು. "ಗಾಜಿನೊಳಗಿನ ಕೋಳಿನ ಯಾರಪ್ಪಾ ಕುಯ್ದಿದ್ದು?"

ಒಳಗಿನಿಂದ ರುದ್ರೇಶನ ಗಂಟಲು ಕೇಳಿತು. "ನಾನ್ ತಿನ್ಲಿಲ್ಲ ಅಜ್ಜಿ. ತಿನ್ಸಿದ್ದು."

ಯಾರು ತಿನ್ನಿಸಿದ್ದು ಅಂತ ಅವನು ಹೇಳಲಿಲ್ಲ. ನಾನು ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. "ಅದು ಬರೀ ಆಟ ಕಣಜ್ಜಿ" ಅಂದು ಹೊರಟು ಬಂದೆ.

ಆಮೇಲೂ ಅವನು ಅಂಗಡಿಗೆ ಬರುತ್ತಿದ್ದ. ಜಗಳವಿಲ್ಲ, ಮಾತು ಬಿಟ್ಟದ್ದೂ ಇಲ್ಲ. ಆದರೆ ಮಿಷನ್ ಮುಟ್ಟುತ್ತಿರಲಿಲ್ಲ, ನನ್ನ ಎಡಗಡೆ ಸುಮ್ಮನೆ ನಿಂತು ನೋಡುತ್ತಿದ್ದ. ಹತ್ತು ದಿನ ಕಳೆದಿರಬೇಕು, ಬರುವುದೂ ನಿಂತಿತು. ಕಾಮಾಲೆ ಅಂದರು. ಆ ಬೇಸಿಗೆ ನೀರು ಕೆಟ್ಟು ಊರಲ್ಲಿ ಹಲವರಿಗೆ ಆಗಿತ್ತು.

ನೋಡಲು ಹೋದೆ. ಕೋಣೆಯಲ್ಲಿ ಅರೆದ ಕಿರುನೆಲ್ಲಿ ಸೊಪ್ಪಿನ ವಾಸನೆ. ಕಣ್ಣಿನ ಬಿಳಿ ಭಾಗ ಅರಿಸಿನವಾಗಿತ್ತು.

"ಯಾರಾರು ಕೆಡವಿದ್ರಾ?" ಅಂದ.

"ಇಲ್ಲ."

"ಮಿಷನ್ ಹೋಯ್ತಾ?"

"ಇನ್ನೂ ಐತೆ. ನೀನ್ ಎದ್ ಬಾ, ಆಡಾಣ."

ಅವನು ಗೋಡೆ ನೋಡಿದ. "ಬಂದ್ರೂ ತಿನ್ನಲ್ಲ ಕಣೋ."

"ತಿನ್ಬೇಡ."

"ನೀನು ಒತ್ಬಾರ್ದು."

"ಒತ್ತಲ್ಲ."

ತಪ್ಪಾಯಿತು ಅನ್ನುವ ಮಾತಿಗೆ ನಾನು ಹತ್ತಿರ ಬಂದದ್ದು ಅಷ್ಟು ಮಾತ್ರ. ಎರಡು ದಿನಕ್ಕೆ ಅವನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಮೇಲೆ ಬಂದದ್ದು ಹೆಣ. ಅವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಅವರದೇ ತೆಂಗಿನ ತೋಟದಲ್ಲಿ, ದೊಡ್ಡವರ ಸಂದಿಯಿಂದ ನೋಡಿದೆ. ಕೈ ಇಳಿಬಿಟ್ಟುಕೊಂಡು ಕೂತಿದ್ದ.

ನೀರಿನಿಂದ ಬಂದ ಕಾಯಿಲೆ ಅದು, ನನಗೆ ಗೊತ್ತು. ಆಗಲೂ ಎಲ್ಲರೂ ಅದನ್ನೇ ಹೇಳಿದರು. ಆದರೆ ಆಗ ಹನ್ನೆರಡು ವರ್ಷದವನಾಗಿದ್ದ ನನಗೆ ಬೇರೊಂದು ಲೆಕ್ಕವಿತ್ತು, ಆ ಲೆಕ್ಕದಲ್ಲಿ ನನ್ನ ಎಡಗೈ ಇತ್ತು. ಎಂಟನೇ ಕ್ಲಾಸಿಗೆ ನಾನು ಹೋಗಲಿಲ್ಲ. ಅಪ್ಪ ಹೊಡೆದರು, ಬೈದರು, ಕೊನೆಗೆ ವೈಂಡಿಂಗ್ ಅಂಗಡಿಗೆ ಸೇರಿಸಿದರು. ತಾಮ್ರದ ತಂತಿ ಸುತ್ತುವಾಗ ಎಷ್ಟು ಸುತ್ತಾಯಿತು ಅನ್ನುವುದು ಬಿಟ್ಟು ತಲೆಯಲ್ಲಿ ಬೇರೆ ಏನೂ ಇರಬಾರದು. ನನಗೆ ಬೇಕಿದ್ದದ್ದೂ ಅದೇ.

ದೀಪಾವಳಿ ಹೊತ್ತಿಗೆ ಬಾಬಣ್ಣನಿಗೆ ಎರಡನೇ ಭಾಗ ಬಂತು. ನೋಡಲು ಒಂದೇ ಒಂದು ಸಲ ಹೋದೆ. ಚಿತ್ರ ದೊಡ್ಡದಾಗಿತ್ತು, ರೌಡಿಗಳು ಹೆಚ್ಚಾಗಿದ್ದರು, ಗುಂಡಿ ಎರಡಿದ್ದದ್ದು ಮೂರಾಗಿತ್ತು. ಆದರೆ ಏಟಿಗೆ ತೂಕವಿರಲಿಲ್ಲ. ಮೊದಲನೆಯದರಲ್ಲಿ ಗುದ್ದು ಸರಿಯಾಗಿ ಬಿದ್ದರೆ ಇಡೀ ಪರದೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು, ಆಮೇಲೆ ಎದುರಿನವನು ಬೀಳುತ್ತಿದ್ದ. ಆ ನಿಲ್ಲುವುದು ಮುಂಗೈಗೇ ತಿಳಿಯುತ್ತಿತ್ತು. ಇದರಲ್ಲಿ ಗಾಳಿಗೆ ಹೊಡೆದ ಹಾಗೆ. ಆಡುತ್ತ ಆಡುತ್ತ ಮೊದಲ ಡ್ರಮ್ ಒಡೆದೆ. ಒಳಗಿಂದ ಸೇಬು ಬಂತು. ಕೋಳಿಯ ಜೊತೆಗೆ ಸೇಬನ್ನೂ ಸೇರಿಸಿದ್ದರು. ಐದೇ ಐದು ತಿಂಗಳು ತಡವಾಗಿ. ಆಟ ಹಾಗೇ ಬಿಟ್ಟು ಹೊರಗೆ ಬಂದೆ. ಮೂರನೆಯದು ಮನೆಯ ಟಿ.ವಿ.ಗೆ ಸಿಕ್ಕಿಸುವ ಕ್ಯಾಸೆಟ್ಟಾಗಿ ಬಂತಂತೆ. ನಾನು ಮುಟ್ಟಲಿಲ್ಲ. ಬೇಲೂರಿಗೆ ಮೋಟಾರ್ ಇಳಿಸಲು ಎಷ್ಟೋ ಸಲ ಹೋಗಿದ್ದೇನೆ. ನಮ್ಮ ಮಿಷನ್ ಎಲ್ಲಿದೆ ಅಂತ ಒಮ್ಮೆಯೂ ಕೇಳಲಿಲ್ಲ.

ಈಗ ಮಗಳು ಸಿಂಚನ ತನ್ನ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ಅಪ್ಪಾ, ನಿಮ್ಮ ಕೆಂಪಣ್ಣ ನೀಲಣ್ಣಂದು ಹೊಸಾದು ಬಂದಿದೆ. ನೋಡಿ, ಹಳೇ ಥರಾನೇ ಮಾಡಿದಾರೆ." ನಿಜ, ಇದನ್ನು ಮಾಡಿದವರು ಮೊದಲನೆಯದರ ಮುಂದೆ ನಿಂತು ಬೆವರಿದವರೇ ಇರಬೇಕು. ಎರಡನೆಯದು ಕಳೆದುಕೊಂಡಿದ್ದ ತೂಕ ವಾಪಸ್ ಬಂದಿದೆ, ಗುದ್ದು ಬಿದ್ದ ಕಡೆ ಪರದೆ ನಿಲ್ಲುತ್ತದೆ. ಬೀದಿಯ ಗೋಡೆಗಳನ್ನು ಕೈಯಲ್ಲಿ ಬರೆದ ಹಾಗೆ ಬರೆದಿದ್ದಾರೆ. ಮಿಕ್ಕಿದ್ದು ಬೇರೆ. ಆಗ ಕೈ ತಪ್ಪಿದರೆ ಜೊತೆಯವನಿಗೂ ಏಟು ಬೀಳುತ್ತಿತ್ತು, ಈಗ ಬೀಳುವುದಿಲ್ಲ. ಆಗ ಇನ್ನೊಬ್ಬ ಬರುವವರೆಗೆ ನೀಲಣ್ಣನ ಜಾಗ ಖಾಲಿ. ಈಗ ಯಾರೂ ಇಲ್ಲದಿದ್ದರೆ ಯಂತ್ರವೇ ಅವನನ್ನು ಆಡಿಸುತ್ತದೆ.

ಅವನು ನನ್ನ ಪಕ್ಕ ನಡೆದು ಬಂದ. ಅದೇ ನೀಲಿ ಬನಿಯನ್, ಅದೇ ಹೆಗಲು. ಎರಡನೇ ಬೀದಿಯಲ್ಲಿ ಡ್ರಮ್ ಒಡೆಯಿತು, ಕೋಳಿ ಬಿತ್ತು. ನೀಲಣ್ಣ ಸೀದಾ ಹೋದ, ಬಗ್ಗಿದ, ತಿಂದ.

"ಬೇಡ!" ಅಂದೆ.

"ಯಾರಿಗಪ್ಪಾ? ಅದು ಕಂಪ್ಯೂಟರ್" ಅಂತ ಮಗಳು ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು. "ಕೋಳಿ ಬೇಡ ಅಂದ್ರೆ ಸೆಟ್ಟಿಂಗ್ಸಲ್ಲಿ ಹಣ್ಣು ತರಕಾರಿ ಮಾಡ್ಕೋಬಹುದು. ಮಾಡ್ಲಾ?"

ಒಂದು ಗುಂಡಿ. ಅಷ್ಟೇ.

"ಕೋಳಿ ಇರ್ಲಿ" ಅಂದೆ. "ಆ ಯಂತ್ರದವನನ್ನ ತೆಗೆದು ನೀಲಣ್ಣನ್ನ ನನಗೆ ಕೊಡು."

ಅಂಗಡಿ ಮುಚ್ಚಿ ಬಂದ ಮೇಲೆ ಆವತ್ತಿನಿಂದ ದಿನಾ ಆಡುತ್ತಿದ್ದೇನೆ. ಒಂದು ಕೋಳಿಯನ್ನೂ ಮುಟ್ಟದೆ. ನನ್ನ ಕೈ ಸಾಮಾನ್ಯದ್ದಲ್ಲ. ಕೂದಲಿನಷ್ಟು ತಂತಿಯನ್ನು ಇವತ್ತಿಗೂ ಕನ್ನಡಕವಿಲ್ಲದೆ ಸೇರಿಸುತ್ತದೆ. ಆದರೂ ಮೂರನೇ ಹಂತ ದಾಟಲಾಗಿಲ್ಲ. ಒಂದೇ ಜೀವದಲ್ಲಿ, ಒಂದು ತುತ್ತೂ ತಿನ್ನದೆ ಬರಬೇಕೆಂದರೆ ಪ್ರತಿ ಏಟನ್ನೂ ಬರುವ ಮೊದಲೇ ನೋಡಬೇಕು, ಪ್ರತಿ ಹೆಜ್ಜೆಯನ್ನೂ ಅಳೆಯಬೇಕು. ಆ ಹುಡುಗ ಹಾಗೆ ಐದು ಹಂತ ದಾಟಿ ಬರುತ್ತಿದ್ದ. ಅವನ ಪಟ್ಟಿ ಸಣ್ಣದಿರುವುದನ್ನು ನೋಡಿ ನಾನೇ ಅವನನ್ನು ದಾಟಿಸುತ್ತಿದ್ದೇನೆ ಅಂದುಕೊಂಡಿದ್ದೆ. ಎಲ್ಲ ಕೋಳಿಯನ್ನೂ ತಿಂದು ಮುಕ್ಕಾಲು ಪಟ್ಟಿ ಉಳಿಸಿಕೊಂಡಿದ್ದವನು ನಾನು.

ನಾನ್ ನೋಡ್ಕೊತೀನಿ ಅಂದಿದ್ದ. ಆ ಎಳೆಯಷ್ಟು ಜೀವದಲ್ಲೇ ಅವನು ನೋಡಿಕೊಳ್ಳುತ್ತಿದ್ದ. ನಮ್ಮೂರಲ್ಲಿ ಆ ದೈತ್ಯನನ್ನು ಕೆಡವಬಲ್ಲ ಕೈ ಇದ್ದದ್ದು ಒಂದೇ ಜೊತೆ. ಅದನ್ನು ತಳ್ಳಿದವನು ನಾನು.