ಅಮಾವಾಸ್ಯೆ ಕಳೆದ ಮೇಲೆ ತೆರೆದ ಪುಟ

ನಮ್ಮ ಸರ್ವರ್ ಯಂತ್ರಕ್ಕೆ 'ಗೊತ್ತಿಲ್ಲ' ಎಂದು ಹೇಳಲು ಬರುತ್ತಿರಲಿಲ್ಲ. ಕೇಳಿದ ಹೆಸರು ತನ್ನಲ್ಲಿ ಇಲ್ಲದಿದ್ದರೆ ಇಲ್ಲ ಅನ್ನಬೇಕು ತಾನೇ? ಅನ್ನುತ್ತಿರಲಿಲ್ಲ. ಯಾವುದೋ ಒಂದನ್ನು ಮುಂದಿಟ್ಟು ಸುಮ್ಮನಾಗುತ್ತಿತ್ತು. ಇಷ್ಟು ವರ್ಷವಾದರೂ ಅದರ ಮೇಲಿನ ಸಿಟ್ಟು ನನಗೆ ಇಳಿದಿಲ್ಲ. ಯಂತ್ರದ ಮೇಲೆ ಎಂಥ ಸಿಟ್ಟು ಎಂದು ನಗುವವರು ನಗಲಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ತಾಯಲೂರಿನ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಿ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ಅದರ ಯಜಮಾನರು ತಲೆಮಾರುಗಳಿಂದ ಅಲ್ಲೇ ಇರುವ ಅರ್ಚಕರ ಮನೆಯವರು. ಅಂಗಡಿಗಳ ಲೆಕ್ಕ ಬರೆಯುತ್ತ ಬರೆಯುತ್ತ ಕಂಪ್ಯೂಟರಿಗೆ ಬಂದವರು. ಸುತ್ತಲಿನವರಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕಸುಬು. ಶ್ರೀನಿವಾಸಪುರದ ಮಾವಿನ ಮಂಡಿಯದೊಂದು ಸೈಟು, ಮಾಲೂರಿನ ಹೆಂಚಿನ ಕಾರ್ಖಾನೆಯದೊಂದು, ಕೋಲಾರದ ಮದುವೆ ಛತ್ರದ್ದೊಂದು, ಜೊತೆಗೆ ಯಜಮಾನರ ಮನೆತನದವರು ಪೂಜೆ ಮಾಡುವ ದೇವಸ್ಥಾನದ್ದು. ಎಲ್ಲವೂ ಬೆಂಗಳೂರಿನಲ್ಲೆಲ್ಲೋ ಬಾಡಿಗೆಗೆ ಹಿಡಿದ ಒಂದೇ ಯಂತ್ರದಲ್ಲಿದ್ದವು. ನಾವು ಮುಳಬಾಗಿಲಿನಲ್ಲಿ ಕೂತು ಟೆಲಿಫೋನ್ ತಂತಿಯ ಮೂಲಕ ಅದನ್ನು ನೋಡಿಕೊಳ್ಳುತ್ತಿದ್ದೆವು.

ಅದೊಂದು ವಠಾರ ಅಂದುಕೊಳ್ಳಿ. ಬಾಗಿಲು ಒಂದೇ, ಒಳಗೆ ಬಾಡಿಗೆದಾರರು ಹಲವರು. ಯಾರ ಹೆಸರು ಹೇಳಿಕೊಂಡು ಬಂದವರನ್ನು ಯಾರ ಕೋಣೆಗೆ ಕಳಿಸಬೇಕು ಎಂಬುದನ್ನು ಒಂದು ಫೈಲಿನಲ್ಲಿ ಬರೆದಿಡಬೇಕು. ಒಂದೊಂದು ಸೈಟಿಗೆ ನಾಲ್ಕಾರು ಸಾಲು. ಫೈಲಿನಲ್ಲಿ ಇಲ್ಲದ ಹೆಸರು ಹೇಳಿಕೊಂಡು ಯಾರಾದರೂ ಬಂದರೆ ಯಂತ್ರ ಅವರನ್ನು ಆಚೆ ಕಳಿಸುವುದಿಲ್ಲ, ಫೈಲಿನಲ್ಲಿ ಎಲ್ಲಕ್ಕಿಂತ ಮೊದಲಿರುವ ಸೈಟನ್ನು ತೋರಿಸಿಬಿಡುತ್ತದೆ. ನಮ್ಮ ಫೈಲಿನಲ್ಲಿ ಮೊದಲಿದ್ದದ್ದು ದೇವರು. ಯಜಮಾನರು ಹಾಲಿನ ಚೀಟಿಯನ್ನೂ ಶ್ರೀಕಾರವಿಲ್ಲದೆ ಬರೆದವರಲ್ಲ. ದೇವರನ್ನು ಹೆಂಚಿನ ಕಾರ್ಖಾನೆಯ ಕೆಳಗೆ ಕೂರಿಸುತ್ತಾರೆಯೇ? ದಾರಿ ತಪ್ಪಿ ಬಂದವರಿಗೆ ದರ್ಶನವಾದರೆ ಒಳ್ಳೆಯದೇ ಆಯಿತಲ್ಲ ಅನ್ನುತ್ತಿದ್ದರು. ನಾನೂ ತಲೆಯಾಡಿಸಿದ್ದೆ.

ಆ ಚಳಿಗಾಲದಲ್ಲಿ ನನ್ನ ಅಣ್ಣ ಕಾಣೆಯಾದ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವನ ಮಾತನ್ನು ಅರ್ಧಕ್ಕರ್ಧ ಕಿತ್ತುಕೊಂಡಿತ್ತು. ಕೇಳಿದರೆ ಹೆಸರು ಹೇಳುತ್ತಿರಲಿಲ್ಲ, ನಗುತ್ತಿದ್ದ. ಬೆಳಿಗ್ಗೆ ಅಪ್ಪನಿಂದ ಬೈಸಿಕೊಂಡು, ರೇಷ್ಮೆ ಹುಳುವಿಗೆ ಸೊಪ್ಪು ತರುತ್ತೇನೆಂದು ಹಿಪ್ಪುನೇರಳೆ ತೋಟಕ್ಕೆ ಹೋದವನು ಮನೆಗೆ ಬರಲಿಲ್ಲ. ಕುಡುಗೋಲು, ಚೀಲ ಬದುವಿನ ಮೇಲೇ ಇದ್ದವು. ಬಾವಿ ನೋಡಿದೆವು, ಕೆರೆ ನೋಡಿದೆವು, ಪೊಲೀಸರಿಗೆ ದೂರು ಕೊಟ್ಟೆವು. ಅಮ್ಮ ರಾತ್ರಿಯಾದರೂ ಬಾಗಿಲ ಅಗುಳಿ ಹಾಕಗೊಡುತ್ತಿರಲಿಲ್ಲ.

ಯಜಮಾನರು ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನನ್ನ ಬಾಯಿ ಹಿಡಿತಕ್ಕೆ ಸಿಗಲಿಕ್ಕಿಲ್ಲ. ನಾನು ಕೇಳುವ ಮೊದಲೇ, "ನಿಮ್ಮಣ್ಣಂಗೆ ಅಂತಾನೇ ಒಂದು ಸೈಟ್ ಮಾಡೋಣಮ್ಮ, ನಾಲ್ಕು ಕಡೆಯವರು ನೋಡಲಿ" ಎಂದರು. ಅವನಿಗಾಗಿಯೇ ಒಂದು ಹೆಸರು ಕೊಂಡುಕೊಟ್ಟು, ಆ ಹೆಸರನ್ನು ನಮ್ಮ ಯಂತ್ರದ ಕಡೆಗೆ ತಿರುಗಿಸಿದರು. ನಾನು ಕೂತು ಪುಟ ಮಾಡಿದೆ. ಅಣ್ಣನ ಬಣ್ಣದ ಫೋಟೋ, ಹುಬ್ಬಿನ ಮೇಲಿನ ಗಾಯದ ಗುರುತು, ಸೆಂಟರಿನ ಫೋನ್ ನಂಬರು. ಕರಪತ್ರವನ್ನೂ ಅಚ್ಚು ಹಾಕಿಸಿದೆವು. ಅಗ್ಗದ ಕಾಗದದಲ್ಲಿ ಅಣ್ಣನ ಮುಖ ಮಸಿ ಬಳಿದಂತೆ ಬಂದಿತ್ತು. ಅದಕ್ಕೇ ಕೆಳಗೆ, ಸರಿಯಾದ ಫೋಟೋ ಈ ವಿಳಾಸದಲ್ಲಿ ನೋಡಿ ಎಂದು ಹಾಕಿಸಿದೆ.

ಇನ್ನು ಫೈಲಿನಲ್ಲಿ ಆ ನಾಲ್ಕಾರು ಸಾಲು ಸೇರಿಸಿ ಸರ್ವರನ್ನು ಒಂದು ಸಲ ನಿಲ್ಲಿಸಿ ಎಬ್ಬಿಸಿದರೆ ಕೆಲಸ ಮುಗಿಯಿತು. ಯಜಮಾನರು ಪಂಚಾಂಗ ತೆಗೆದರು.

"ಅಮಾವಾಸ್ಯೆ ಎದುರಿಗೇ ಐತೆ. ಕಳೆದುಹೋದವನು ಸಿಗಲಿ ಅಂತ ಮಾಡೋ ಕೆಲಸ, ಇವತ್ತು ಶುರು ಮಾಡೋದು ಬೇಡಮ್ಮ. ಕಳೀಲಿ, ಗುರುವಾರ ಬೆಳಿಗ್ಗೆ ಮಾಡೋಣ."

"ಸಾರ್, ಬಸ್ ಸ್ಟ್ಯಾಂಡಲ್ಲೆಲ್ಲ ಪತ್ರ ಅಂಟಿಸಿ ಬಂದಿದ್ದೀವಿ" ಎಂದೆ.

"ಫೋನ್ ನಂಬರ್ ಐತಲ್ಲ, ಮಾಡ್ತಾರೆ ಬಿಡು."

ಸಿಟ್ಟು ಮಾಡಿಕೊಂಡೇ ಮನೆಗೆ ಬಂದೆ. ಅಮ್ಮನಿಗೆ ಹೇಳಿದರೆ ಅಮ್ಮನೂ ಅವರ ಕಡೆಗೇ. "ದೊಡ್ಡೋರು ಸರಿಯಾಗೇ ಹೇಳವ್ರೆ ಕಣೇ. ಕೆಟ್ಟ ದಿನ ಬೇಡ" ಎಂದಳು. ಗುರುವಾರ ಬೆಳಿಗ್ಗೆ ಯಜಮಾನರು ಮಾನಿಟರಿಗೆ ಕುಂಕುಮ ಇಟ್ಟರು, ನಾನು ದೇವಸ್ಥಾನದ ಸಾಲುಗಳ ಕೆಳಗೇ ಅಣ್ಣನ ಸಾಲು ಸೇರಿಸಿದೆ. ಅಣ್ಣನ ಪುಟ ತೆರೆಯಿತು. ಪರದೆಯ ಮೇಲೆ ನಗುತ್ತಿದ್ದ. ಆಮೇಲೆ ಬಂದದ್ದು ಎರಡು ಫೋನು ಮಾತ್ರ, ಎರಡೂ ಯಾರದೋ ತಮಾಷೆ.

ಬೇಸಿಗೆ ಬಂತು. ಹಳೆಯ ಕರಪತ್ರಗಳೆಲ್ಲ ಹರಿದುಹೋಗಿರುತ್ತವೆಂದು ಹೊಸವನ್ನು ಹಿಡಿದುಕೊಂಡು ನಂಗಲಿಗೆ ಹೋದೆ. ಆಂಧ್ರದ ಕಡೆಗೆ ಹೋಗುವ ಲಾರಿಗಳೆಲ್ಲ ನಿಲ್ಲುವ ಜಾಗ. ಹೆದ್ದಾರಿಯ ಪಕ್ಕದ ಒಂದು ಹೋಟೆಲಿನ ಕಂಬಕ್ಕೆ ಅಂಟು ಹಚ್ಚುತ್ತಿದ್ದಾಗ ಹೋಟೆಲಿನವರು ಗಲ್ಲಾದಿಂದ ಎದ್ದು ಬಂದರು. ವಯಸ್ಸಾದವರು, ಅರ್ಧ ತೆಲುಗು ಅರ್ಧ ಕನ್ನಡ.

"ಏಮ್ಮಾ, ಮತ್ತೆ ಯಾಕೆ ಅಂಟಿಸ್ತಾ ಇದ್ದೀಯ? ಆವಾಗ್ಲೇ ಸಿಕ್ಕಿದ್ನಲ್ಲ?"

ಯಾರು ಹೇಳಿದರು ಎಂದು ಕೇಳಿದೆ.

"ಯಾರೂ ಹೇಳ್ಲಿಲ್ಲ, ನಾನೇ ನೋಡಿದೆ. ಚಳೀಲಿ ಒಬ್ಬ ಬಂದು ಇದೇ ಬೆಂಚ್ ಮೇಲೆ ಕೂತಿದ್ದ ತಲ್ಲೀ. ಕೇಳಿದ್ರೆ ಹೆಸರು ಹೇಳಲ್ಲ, ನಗ್ತಾನೆ. ಅನ್ನ ಇಕ್ಕಿದ್ರೆ ಉಂಡು, ಲೋಟ ಎಲ್ಲ ತೊಳೆದಿಕ್ಕೋನು. ಗಡ್ಡ ಬೇರೆ ಬಂದಿತ್ತು, ಈ ಪೇಪರ್ ನೋಡಿದ್ರೆ ಮುಖ ಒಂದೂ ತಿಳೀಲಿಲ್ಲ. ಫೋಟೋ ನೋಡಿ ಆಮೇಲೆ ಫೋನ್ ಮಾಡಾಣ ಅಂತ ಸಾಮಾನಿಗೆ ಮುಳಬಾಗಿಲಿಗೆ ಹೋದಾಗ ಬ್ರೌಸಿಂಗ್ ಸೆಂಟರಿಗೆ ಹೋದೆ. ಈ ಅಡ್ರೆಸ್ಸೇ ಹಾಕಿದ್ರು. ದೇವಸ್ಥಾನ ಬಂತು. ಸ್ವಾಮಿ, ಮಂಗಳಾರತಿ, ಎಲ್ಲ ಇತ್ತು. ಓಹೋ, ಹುಡುಗ ಸಿಕ್ಬಿಟ್ಟವ್ನೆ, ಹರಕೆ ತೀರಿಸಿ ಸ್ವಾಮಿ ಫೋಟೋ ಹಾಕವ್ರೆ ಅಂತ ಕೈ ಮುಗಿದು ಬಂದೆ."

"ಬೆಂಚಿನ ಮೇಲಿದ್ದವನು?" ಎಂದೆ.

"ಅವನು ಸಿಕ್ಕವ್ನೆ ಅಂದ್ಮೇಲೆ ಈಯಪ್ಪ ಬೇರೆ ಯಾರೋ ಅನ್ಕಂಡೆ ತಲ್ಲೀ. ಮಾರನೇ ದಿನ ಯಾವುದೋ ಲಾರಿಯೋರು ಲೋಡ್ ಇಳಿಸೋಕೆ ಜನ ಬೇಕು ಅಂತ ಹತ್ತಿಸ್ಕಂಡು ಹೋದ್ರು. ಚಿತ್ತೂರು ಕಡೆಗೆ."

ಯಾವಾಗ ಎಂದು ಕೇಳಿದೆ. ಅವರು ನೆನಪು ಮಾಡಿಕೊಂಡು, ಅಮಾವಾಸ್ಯೆಗೆ ಅಂಗಡಿ ಪೂಜೆಗೆಂದು ಬೂದುಗುಂಬಳಕಾಯಿ ತರಲು ಹೋಗಿದ್ದ ದಿನ ಎಂದರು. ಅಣ್ಣನ ಸಾಲು ಫೈಲಿಗೆ ಇನ್ನೂ ಸೇರಿರಲಿಲ್ಲ, ಯಂತ್ರ ಮೊದಲಿದ್ದ ದೇವರನ್ನು ತೋರಿಸಿತ್ತು. ನನ್ನ ಕರಪತ್ರ ತೆಗೆದು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಹುಬ್ಬಿನ ಮೇಲೆ ಗಾಯ ಇತ್ತೇ ಎಂದು ಕೇಳಿದೆ. ಇತ್ತು ಎಂದು ಹೇಳಿ, ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅನ್ನ ಇಟ್ಟವರು ಅವರು.

ಬೈದದ್ದು ಯಜಮಾನರನ್ನು. ಮರುದಿನ ಸೆಂಟರಿನಲ್ಲಿ, ಟೈಪಿಂಗ್ ಕಲಿಯುವ ಹುಡುಗಿಯರ ಮುಂದೆಯೇ, ಬಾಯಿಗೆ ಬಂದಂತೆ ಅಂದೆ. ನಿಮ್ಮ ಪಂಚಾಂಗಕ್ಕೆ ಬೆಂಕಿ ಬೀಳಲಿ ಎಂದೂ ಅಂದೆ. ಅವರು ಹುಡುಗಿಯರನ್ನು ಕಳಿಸಿದರು, ಕೈ ತೊಳೆದುಕೊಂಡು ಬಂದು ಕೀಬೋರ್ಡಿನ ಮುಂದೆ ಕೂತರು. ಫೈಲು ತೆರೆದು, "ಸ್ವಾಮೀ, ಸ್ವಲ್ಪ ಪಕ್ಕಕ್ಕೆ ಜರುಗಪ್ಪ" ಎಂದು ದೇವಸ್ಥಾನದ ಸಾಲುಗಳನ್ನು ಕತ್ತರಿಸಿ ಅಣ್ಣನ ಸಾಲುಗಳ ಕೆಳಗೆ ಅಂಟಿಸಿದರು. ಅವತ್ತು ಪಂಚಾಂಗ ನೋಡಲಿಲ್ಲ. ಅದನ್ನು ಕಂಡೂ ನನಗೆ ಕನಿಕರ ಬರಲಿಲ್ಲ. ಈಗ ಬರುತ್ತದೆ.

ಅಲ್ಲಿಂದ ಮುಂದೆ, ಫೈಲಿನಲ್ಲಿಲ್ಲದ ಯಾವ ಹೆಸರು ಹೇಳಿಕೊಂಡು ನಮ್ಮ ಯಂತ್ರಕ್ಕೆ ಬಂದರೂ ಅಣ್ಣನ ಮುಖ ಕಾಣುತ್ತಿತ್ತು. ಮಾವಿನ ಕಾಲದಲ್ಲಿ ಫೋನು ಬಂದವು. ಗಡಿಬಿಡಿಯಲ್ಲಿ ಮಾವಿನ ಮಂಡಿಯ ವಿಳಾಸದ ಮುಂದಿನ ಡಬ್ಲ್ಯುಗಳನ್ನು ತಪ್ಪಾಗಿ ಹೊಡೆದು ಎಲ್ಲೆಲ್ಲಿಂದಲೋ ನಮ್ಮ ಯಂತ್ರಕ್ಕೆ ಬಂದುಬಿದ್ದ ಹಣ್ಣಿನ ವ್ಯಾಪಾರದ ಸಾಬರು, ಸೇಟುಗಳು. ರಿಂಗಾದಾಗಲೆಲ್ಲ ಓಡಿಹೋಗಿ ಎತ್ತುತ್ತಿದ್ದೆ. ಆ ಕಡೆಯಿಂದ, ಬಾದಾಮಿ ಏನು ರೇಟು ಎಂದು ಕೇಳುತ್ತಿದ್ದರು. ನಾನು ಚಿತ್ತೂರಿಗೂ ಹೋಗಿ ಬಂದೆ, ಅಪ್ಪನೂ ಹೋಗಿ ಬಂದ. ಲಾರಿ ಯಾವುದೆಂದು ಗೊತ್ತಿಲ್ಲದೆ ಲಾರಿ ಅಡ್ಡೆಯಲ್ಲಿ ಯಾರನ್ನೆಂದು ಕೇಳುವುದು?

ಅಮ್ಮನಿಗೆ ನಂಗಲಿಯ ಬೆಂಚಿನ ವಿಷಯ ಹೇಳಿದೆ, ಅಮಾವಾಸ್ಯೆಯ ವಿಷಯ ಹೇಳಲಿಲ್ಲ. ಕೆಟ್ಟ ದಿನ ಬೇಡ ಅಂದವಳು ಅವಳೇ, ಅದನ್ನು ತಿಳಿದು ಹೇಗೆ ಉಣ್ಣುತ್ತಾಳೆ?

ಒಂದು ದಿನ ಅಮ್ಮ ತಾನಾಗಿಯೇ ಸೆಂಟರಿಗೆ ಬಂದಳು. ಮಗನನ್ನು ತೋರಿಸು ಎಂದಳು. ತೋರಿಸಿದೆ. ಸೆರಗಿನಿಂದ ಪರದೆ ಒರೆಸಿ ನೋಡಿದಳು. ಕೆಳಗೆ ಏನು ಬರೆದಿದ್ದೀಯ, ಓದು ಎಂದಳು. ಎತ್ತರ, ಬಣ್ಣ, ಗಾಯದ ಗುರುತು, ಕಂಡವರು ಫೋನ್ ಮಾಡಬೇಕಾಗಿ ವಿನಂತಿ. ಓದಿದೆ.

"ಎಲ್ಲ ಬೇರೆಯೋರಿಗೇ ಬರೆದಿದ್ದೀಯಲ್ಲೇ. ಅವನಿಗೆ ಒಂದು ಮಾತು ಬರಿ. ನಿಮ್ಮಪ್ಪ ಇನ್ನು ಬೈಯಲ್ಲ, ಮನೇಗ್ ಬಾ ಅಂತ ಬರಿ."

ಅಣ್ಣನಿಗೆ ಓದು ಬರುತ್ತಿರಲಿಲ್ಲ. ಅದು ಅಮ್ಮನಿಗೂ ಗೊತ್ತು. ನಾನು ಬರೆದೆ.