ಗೋಡೆಯಾಚೆಯ ಕೀಲಿಕೈ ಕಾಕಾ

ಹೋದ ವಾರ ಬಸ್‌ಸ್ಟ್ಯಾಂಡಿನ ಬದಿಯ ಅಂಗಡಿಯಲ್ಲಿ ನನ್ನ ಸೊಸೆ ಮನೆಯ ಕೀಲಿಕೈಗೆ ಇನ್ನೊಂದು ಜೋಡಿ ಮಾಡಿಸಿದಳು. ಅಂಗಡಿಯವನು ಯಂತ್ರಕ್ಕೆ ಹಚ್ಚಿದ, ಗರ್ರೆಂದಿತು, ಎರಡು ನಿಮಿಷದಲ್ಲಿ ಮುಗಿಯಿತು. ನನ್ನ ಕೈಗೆ ಬಂದಾಗ ಅದಿನ್ನೂ ಬೆಚ್ಚಗಿತ್ತು. ಹಿತ್ತಾಳೆ ಪುಡಿಯ ವಾಸನೆ, ಅದರೊಳಗೆ ಬೆರೆತ ಎಣ್ಣೆಯ ವಾಸನೆ... ಅಲ್ಲೇ ಇದ್ದ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಸೊಸೆ ಬಿಸಿಲಿಗೆ ತಲೆ ತಿರುಗಿತೆಂದುಕೊಂಡು ನೀರು ತಂದಳು.

ನಾನು ಮದುವೆಯಾಗಿ ಬೀಳಗಿಯಿಂದ ಜಮಖಂಡಿಗೆ ಬಂದಾಗ ಅದಿನ್ನೂ ಸಂಸ್ಥಾನ. ನಮ್ಮ ಪಡಸಾಲೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯಾಚೆ ಒಬ್ಬರೇ ಇದ್ದ ಅವರನ್ನು ಎಲ್ಲರೂ ಕೀಲಿಕೈ ಕಾಕಾ ಎನ್ನುತ್ತಿದ್ದರು. ಸೊಲ್ಲಾಪುರದ ಗಿರಣಿಯಲ್ಲಿ ಮಶೀನು ರಿಪೇರಿ ಮಾಡುತ್ತಿದ್ದವರು ಅದನ್ನು ಬಿಟ್ಟು ಊರಿಗೆ ಬಂದಿದ್ದರು. ಬರುವಾಗ ಲೋಹ ಕಡೆಯಲು ಕಾಲಿನಿಂದ ತುಳಿದು ತಿರುಗಿಸುವ ಒಂದು ಹಳೆಯ ಲೇತನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರಂತೆ. ಅದನ್ನು ಪಡಸಾಲೆಯಲ್ಲಿ ಹೂಡಿ, ಗೋಡೆಗೆ ಸಾಲಾಗಿ ಅರಗಳನ್ನು ತೂಗುಹಾಕಿ, ಕಳೆದುಹೋದ ಕೀಲಿಕೈಗಳನ್ನು ಹೊಸದಾಗಿ ಮಾಡಿಕೊಡುತ್ತಿದ್ದರು.

ಗಿರಣಿ ಏಕೆ ಬಿಟ್ಟರೆಂದು ಅವರು ಯಾರಿಗೂ ಹೇಳಿರಲಿಲ್ಲ. ಎಡಗೈಯ ಎರಡು ಬೆರಳುಗಳ ತುದಿ ಇರಲಿಲ್ಲ. ಮಶೀನಿಗೆ ಸಿಕ್ಕವು ಎಂದು ಕೆಲವರು, ಯಾರೋ ಹಿಡಿದು ಕತ್ತರಿಸಿದರು ಎಂದು ಕೆಲವರು. ಅವರು ಓಣಿಯಲ್ಲಿ ಎದುರಾದರೆ ಹೆಂಗಸರು ಸೊಂಟದ ಕೀಲಿಕೈ ಗೊಂಚಲನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದರು. ನಾನೂ, ನನ್ನ ಸೊಂಟದಲ್ಲಿ ಒಂದೂ ಕೀಲಿಕೈ ಇಲ್ಲದಿದ್ದರೂ, ಸೆರಗು ಎಳೆದುಕೊಳ್ಳುತ್ತಿದ್ದೆ.

ಒಂದು ದಿನ ನೀರು ಸೇದುವಾಗ ನಮ್ಮ ಅತ್ತೆಯ ಗೊಂಚಲು ಬಾವಿಗೆ ಬಿತ್ತು. ಒಡವೆ ಇಟ್ಟ ಕಪಾಟಿನ ಕೀಲಿಕೈ ಅದರಲ್ಲೇ ಇತ್ತು. ಪಾತಾಳಗರಡಿ ಬಿಟ್ಟು ಮೂರು ದಿನ ಹುಡುಕಿದರೂ ಸಿಗಲಿಲ್ಲ. ಬಡಿಗನನ್ನು ಕರೆದು ಬಾಗಿಲು ಒಡೆಸಲು ಮನಸ್ಸಾಗದೆ ಮಾವ ಕಾಕಾನನ್ನು ಕರೆಸಿದರು.

ಅವರು ಕೆಲಸ ಮಾಡುವುದನ್ನು ನಾನು ಬಾಗಿಲ ಮರೆಯಿಂದ ನೋಡಿದೆ. ಹಿತ್ತಾಳೆಯ ಕಡ್ಡಿಯನ್ನು ಲೇತಿನಲ್ಲಿ ಉರುಟು ಮಾಡಿ, ತುದಿಗೆ ಚಪ್ಪಟೆ ತುಂಡನ್ನು ಬೆಸೆದು ತಂದಿದ್ದರು. ಅದನ್ನು ದೀಪದ ಹೊಗೆಗೆ ಹಿಡಿದು ಕಪ್ಪಾಗಿಸಿ, ಕಪಾಟಿನ ಕೀಲಿಯ, ಅಂದರೆ ಬೀಗದ, ಒಳಗೆ ತೂರಿಸಿ ಮೆಲ್ಲಗೆ ತಿರುಗಿಸಿ ಹೊರತೆಗೆಯುತ್ತಿದ್ದರು. ಒಳಗಿನ ತಗಡು ತಾಗಿದ ಕಡೆ ಮಸಿ ಅಳಿಸಿರುತ್ತಿತ್ತು. ಅಷ್ಟನ್ನೇ ಅರದಿಂದ ಉಜ್ಜುವುದು, ಮತ್ತೆ ಹೊಗೆ, ಮತ್ತೆ ಕೀಲಿ... ಊಟದ ಹೊತ್ತು ಮೀರಿದ ಮೇಲೆ ಕಟ್ಟೆಂದು ಸದ್ದಾಗಿ ಕಪಾಟು ತೆರೆಯಿತು.

ಅತ್ತೆಯ ಮುಖದಲ್ಲಿ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚು ಕಂಡಿತು.

"ಇದರ ಜೋಡಿ ಇನ್ನೊಂದ ಇಟ್ಕೊಂಡಿಲ್ಲಲ್ಲ?" ಎಂದರು.

"ಇಲ್ಲರೀ ಅಕ್ಕಾರ. ಆದ್ರ ಮಾಡಿದ್ದ ಮನಸಿನ್ಯಾಗ ಉಳಿದಿರತೈತಲ್ಲ, ಅದನ್ನ ಹ್ಯಾಂಗ ಅಳಸಲಿ?" ಎಂದು ಅವರು ನಕ್ಕರು.

ಆ ಮಾತನ್ನು ಅವರು ಆಡಬಾರದಿತ್ತು. ಸಂಜೆಯೊಳಗೆ ಓಣಿಯ ತುಂಬ ಅದೇ ಸುದ್ದಿ. ನಮ್ಮ ಮನೆಯ ಕಪಾಟಿನ ಕೀಲಿಕೈ ಗೋಡೆಯಾಚೆಯವನ ತಲೆಯಲ್ಲಿದೆ!

ಕೆಲವು ತಿಂಗಳಾದ ಮೇಲೆ ಬೀಳಗಿಯಲ್ಲಿ ನನ್ನ ತಂಗಿಯ ಮದುವೆ ಗೊತ್ತಾಯಿತು. ನನ್ನ ತವರಿನವರು ಹಾಕಿದ ಬೋರಮಾಳ ಸರ ಆ ಕಪಾಟಿನಲ್ಲಿತ್ತು. ಅದನ್ನು ಹಾಕಿಕೊಂಡು ಹೋಗುತ್ತೇನೆಂದರೆ ಅತ್ತೆ ಒಪ್ಪಲಿಲ್ಲ. ಹಾದಿಯಲ್ಲಿ ಕಳ್ಳಕಾಕರು ಎಂದರು. ನನಗೆ ತಡೆಯಲಾಗದಷ್ಟು ಸಿಟ್ಟು ಬಂದಿತ್ತು. ಮಧ್ಯಾಹ್ನ ಅತ್ತೆ ಮಲಗಿದ್ದಾಗ ಹಿತ್ತಲಿನಿಂದ ಕಾಕಾನ ಮನೆಗೆ ಹೋದೆ. ಸರ ಯಾವ ಗೂಡಿನಲ್ಲಿದೆ, ಯಾವ ಬಟ್ಟೆಯಲ್ಲಿ ಸುತ್ತಿದೆ, ಎಲ್ಲವನ್ನೂ ಬಡಬಡನೆ ಹೇಳಿ, ಒಂದು ಕೀಲಿಕೈ ಮಾಡಿಕೊಡಿರಿ, ಎರಡೇ ದಿನ ಹಾಕಿಕೊಂಡು ತಿರುಗಿ ಇಡುತ್ತೇನೆ ಎಂದೆ.

ಅವರು ಲೇತು ತುಳಿಯುವುದನ್ನು ನಿಲ್ಲಿಸಿದರು.

"ಯವ್ವಾ, ಸರ ನಿಂದ ಖರೆ. ಕೀಲಿ ನಿಂದಲ್ಲ. ಕೀಲಿ ಯಾರದೋ ಅವರ ಬಂದ ಕೇಳಬೇಕು. ನೀ ಬಂದಿದ್ದಿ ಅನ್ನೂದನ್ನ ನಾ ಯಾರ ಮುಂದೂ ಹೇಳಾಂಗಿಲ್ಲ. ಹೋಗು."

ಬರಿಗೊರಳಲ್ಲೇ ತಂಗಿಯ ಮದುವೆಗೆ ಹೋಗಿ ಬಂದೆ. ಆ ಮಳೆಗಾಲದಲ್ಲಿ ಮಾವನಿಗೆ ಲಕ್ವಾ ಹೊಡೆದು ಮಾತು ನಿಂತಿತು. ಬಲಗೈ ಮಾತ್ರ ಅಷ್ಟಿಷ್ಟು ಆಡುತ್ತಿತ್ತು. ಅವರನ್ನು ಪಡಸಾಲೆಯಲ್ಲೇ ಮಲಗಿಸಿದ್ದೆವು. ಮುಂದೆ ಬಸುರಿ ನಾದಿನಿಯ ಕುಬಸಕ್ಕೆಂದು ಅತ್ತೆ ಕಪಾಟು ತೆಗೆದರೆ ಉಳಿದ ಒಡವೆ ಎಲ್ಲ ಇವೆ, ನನ್ನ ಬೋರಮಾಳ ಸರ ಇಲ್ಲ. ಕೀಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅತ್ತೆ ಬಾಯಿ ಬಡಿದುಕೊಂಡದ್ದು ಕೇಳಿ ಮಾವ ಗೊರಗೊರ ಸದ್ದು ಮಾಡುತ್ತ ಕೈ ಎತ್ತಿದರು. ಬೆರಳು ನೇರ ಗೋಡೆಯ ಕಡೆ. ಕಾಕಾನ ಮನೆಯ ಗೋಡೆ. ಅತ್ತೆ, "ನೋಡ್ರೆವ್ವಾ, ಮಾತ ಬಾರದವರ ಸುದ್ದಾ ಅವನ್ನ ತೋರ್ಸಾಕತ್ತಾರ!" ಎಂದರು. ಸೇರಿದವರೆಲ್ಲ ಹೌದೆಂದರು. ಮಾವ ತಲೆ ಅಲ್ಲಾಡಿಸಿದರು, ಮತ್ತೆ ಮತ್ತೆ ತೋರಿಸಿದರು, ಕಣ್ಣಲ್ಲಿ ನೀರು ತಂದುಕೊಂಡರು. ಸಂಕಟಕ್ಕೆ ಹಾಗೆ ಮಾಡುತ್ತಿದ್ದಾರೆಂದು ನಾವು ತಿಳಿದೆವು.

ನಾನೂ ನಂಬಿದೆ. ಗೂಡು ಯಾವುದೆಂದು, ಬಟ್ಟೆ ಯಾವುದೆಂದು ನನ್ನ ಬಾಯಿಂದಲೇ ಹೇಳಿ ಬಂದಿದ್ದೆನಲ್ಲ! ಅಂದು ನನಗೆ ಬುದ್ಧಿ ಹೇಳಿ ಕಳಿಸಿದ್ದು ತಾನೇ ತೆಗೆಯುವುದಕ್ಕಿರಬೇಕು... ಹೀಗೆ ಯೋಚಿಸಿದೆ. ಹಾಗೆ ಯೋಚಿಸಿದರೆ ನನಗೆ ಸ್ವಲ್ಪ ಹಗುರವೂ ಆಗುತ್ತಿತ್ತು.

ಪೊಲೀಸ್ ಫೌಜದಾರರು ಬಂದರು. ಕಾಕಾನ ಮನೆಯ ಒಂದು ಹಲಗೆಯ ಮೇಲೆ ಮೊಳೆಗಳಿಗೆ ನೇತುಹಾಕಿದ ಕೀಲಿಕೈಗಳು ಸಿಕ್ಕವು. ಮಾಡುವಾಗ ಕೆಟ್ಟವು, ಮುರಿದವು ಎಂದು ಕಾಕಾ ಹೇಳಿದರು. ಯಾರೂ ಒಪ್ಪಲಿಲ್ಲ. ಓಣಿಯ ಮನೆಮನೆಯ ಬೀಗಗಳಿಗೂ ನಮ್ಮ ಕಪಾಟಿಗೂ ಅವನ್ನೆಲ್ಲ ಹಾಕಿ ನೋಡಿದರು. ಒಂದೂ ಯಾವುದನ್ನೂ ತೆರೆಯಲಿಲ್ಲ. ಆದರೂ ಯಾರ ಮುಖವೂ ಸಡಿಲಲಿಲ್ಲ. ಬೇರೆ ಮಾಡಿ ಎಸೆದಿರಬಹುದಲ್ಲ?

ಕೊನೆಗೆ ಫೌಜದಾರರು ಕೇಳಿದರು, "ಈ ಕಪಾಟಿನ ಕೀಲಿಕೈ ಮಾಡಿಕೊಡು ಅಂತ ಮತ್ಯಾರರ ನಿನ್ನ ಕಡೆ ಬಂದಿದ್ದರೇನು? ಖರೆ ಹೇಳು."

ನಾನು ಅತ್ತೆಯ ಹಿಂದೆ ನಿಂತಿದ್ದೆ. ಕಾಕಾ ಒಂದು ಮಾತು ಅಂದಿದ್ದರೆ ಸಾಕಿತ್ತು, ಸಂಶಯವೆಲ್ಲ ಅವರ ಮೇಲಿಂದ ನನ್ನ ಮೇಲೆ ಬೀಳುತ್ತಿತ್ತು. ಕಾಕಾ ತಲೆ ಎತ್ತಿ ಒಮ್ಮೆ, ಒಂದೇ ಒಮ್ಮೆ, ನನ್ನ ಕಡೆ ನೋಡಿದರು.

"ಇಲ್ಲರೀ, ಯಾರೂ ಬಂದಿಲ್ಲ."

ನಾನು ಸೆರಗು ಎಳೆದುಕೊಂಡು ಅತ್ತೆಯ ಬೆನ್ನ ಮರೆಗೆ ಸರಿದೆ.

ಪುರಾವೆ ಇಲ್ಲದೆ ಅವರನ್ನು ಹಿಡಿದೊಯ್ಯಲಿಲ್ಲ. ಆದರೆ ಅರಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದರು. ಆಮೇಲೆ ಲೇತಿನ ಸದ್ದು ಕೇಳಲಿಲ್ಲ. ಯಾರೂ ಅವರ ಮನೆಗೆ ಹೋಗಲಿಲ್ಲ, ಬಾವಿಯಲ್ಲಿ ಅವರ ಕೊಡ ಕಂಡರೆ ಹೆಂಗಸರು ದೂರ ಸರಿದು ನಿಲ್ಲುತ್ತಿದ್ದರು. ದೀಪಾವಳಿ ಕಳೆದು ನಾಲ್ಕಾರು ದಿನಕ್ಕೆ ಲೇತನ್ನು ಮತ್ತೆ ಎತ್ತಿನ ಗಾಡಿಗೆ ಹೇರಿದರು. ಮುಧೋಳಕ್ಕೆ ಹೋದರೆಂದು ಕೇಳಿದೆ. ಅದು ಬೇರೆ ಸಂಸ್ಥಾನ, ಅಲ್ಲಿ ಬೇರೆ ಫೌಜದಾರರು.

ಚಳಿಗಾಲದಲ್ಲಿ ಮಾವ ತೀರಿಕೊಂಡರು.

ನಮ್ಮ ಪಡಸಾಲೆಯಲ್ಲಿ, ಕಾಕಾನ ಮನೆಯ ಕಡೆಯ ಆ ಗೋಡೆಗೆ ತಾಗಿಕೊಂಡು, ಜೋಳ ತುಂಬುವ ಆಳೆತ್ತರದ ಮಣ್ಣಿನ ವಾಡೇವು ಇತ್ತು. ಮೇಲಿನಿಂದ ತುಂಬುವುದು, ಕೆಳಗಿನ ತೂತಿನಿಂದ ಬಿಟ್ಟುಕೊಳ್ಳುವುದು. ಬೇಸಿಗೆಯ ಒಂದು ಬೆಳಿಗ್ಗೆ ಜೋಳ ಇಳಿಯಲಿಲ್ಲ. ಬೆರಳು ಹಾಕಿ ಕೆದಕಿದೆ. ಬಟ್ಟೆ ಸಿಕ್ಕಿತು. ಎಳೆದರೆ ಮಾವನ ಹಳೆಯ ರುಮಾಲಿನ ಚೂರು, ಅದರೊಳಗೆ ನನ್ನ ಸರ.

ಕೀಲಿಕೈ ಮನಸ್ಸಿನಲ್ಲೇ ಉಳಿದಿರುತ್ತದೆಂಬ ಕಾಕಾನ ಆ ಮಾತಿಗೆ ಹೆದರಿ, ಲಕ್ವಾ ಹೊಡೆಯುವ ಮೊದಲೇ ಮಾವ ಯಾರಿಗೂ ಹೇಳದೆ ಸರವನ್ನು ಜೋಳದಲ್ಲಿ ಹುಗಿದಿದ್ದರು. ಅದು ಸೊಸೆಯ ತವರಿನ ಒಡವೆ, ಹೋದರೆ ಬೀಗರಿಗೆ ಮುಖ ತೋರಿಸುವುದು ಹೇಗೆಂಬ ಚಿಂತೆ ಇದ್ದಿರಬೇಕು. ಅವರು ತೋರಿಸಿದ್ದು ಗೋಡೆಯನ್ನಲ್ಲ.

ಅತ್ತೆ ಸರವನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಆಮೇಲೆ, "ಸಿಕ್ಕತಂತ ಯಾರ ಮುಂದೂ ಅನಬ್ಯಾಡ ಬೇ. ಮಂದಿ ನಮ್ಮ ಮಾರಿಗೆ ಉಗಳತಾರ," ಎಂದರು. ನಾನು ಅಂದು ಗಂಡನಿಗೆ ಎಲ್ಲವನ್ನೂ ಹೇಳಿದೆ, ಕಾಕಾನ ಮನೆಗೆ ಹೋಗಿದ್ದನ್ನೂ. ಅವರು ಮರುದಿನವೇ ಮುಧೋಳಕ್ಕೆ ಹೋದರು. ಕಾಕಾ ಅಲ್ಲಿ ಎರಡು ತಿಂಗಳು ಇದ್ದರಂತೆ. ಜಮಖಂಡಿಯ ಸಂತೆಗೆ ಬಂದುಹೋಗುವವರ ಬಾಯಲ್ಲಿ ಕಳ್ಳನೆಂಬ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅಲ್ಲಿಂದ ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ... ಇಂದಿಗೂ ಗೊತ್ತಿಲ್ಲ.

ಮೊನ್ನೆ ಆ ಹಳೆಯ ಓಣಿಗೆ ಹೋಗಿದ್ದೆ. ಕಾಕಾನ ಮನೆಯ ಜಾಗದಲ್ಲಿ ಈಗ ಎರಡಂತಸ್ತಿನ ಮನೆ. ಅದರ ಕಟ್ಟೆಯ ಮೇಲೆ ಮೆಂತೆ ಸೊಪ್ಪು ಬಿಡಿಸುತ್ತಿದ್ದ ಹೆಂಗಸನ್ನು, ಇಲ್ಲಿ ಮೊದಲು ಯಾರಿದ್ದರು ಗೊತ್ತೇನವ್ವ ಎಂದು ಕೇಳಿದೆ.

"ಯಾರೋ ಕಳ್ಳ ಇದ್ದನಂತರಿ ಅಮ್ಮಾ, ಕೀಲಿಕೈ ಮಾಡಾಂವ. ನಮ್ಮತ್ತಿ ಹೇಳತಿದ್ರು."

"ಅಲ್ಲವ್ವ, ಅವರು ಕಳ್ಳರಲ್ಲ. ಕಳ್ಳ ಕೀಲಿಕೈ ಕೇಳಾಕ ಹೋದಾಕಿ ನಾನು. ಅವರು ಮಾಡಿ ಕೊಡಲಿಲ್ಲ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋಗಿ, ಬಾಗಿಲ ಚಿಲಕ ಹಾಕಿಕೊಂಡಳು.